ಬೇಡುವ ಕೈ, ಲೆಕ್ಕ ಕೇಳುವ ಬಾಯಿ

ಕನ್ನಡದಲ್ಲಿ 'ಕೇಳು' ಅನ್ನುವ ಮಾತಿಗೆ ಎರಡು ಅರ್ಥ. ಒಂದು, ಇನ್ನೊಬ್ಬ ಹೇಳಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳುವುದು. ಇನ್ನೊಂದು, ಎದುರಿಗೆ ನಿಂತು ಪ್ರಶ್ನೆ ಹಾಕುವುದು. ನಮ್ಮ ಹಟ್ಟಿ-ಕೇರಿಗಳಿಗೆ ಊರು ಕಲಿಸಿದ್ದು ಮೊದಲನೆಯದನ್ನು ಮಾತ್ರ. 'ಹೇಳಿದ್ ಕೇಳ್ಕಂಡು ಬಿದ್ದಿರು' ಎಂಬುದೇ ನಮಗೆ ಸಿಕ್ಕ ಪಾಠ. ಅದಕ್ಕೂ ಒಂದು ಬೇಲಿ ಇತ್ತು. ಶೂದ್ರನ ಕಿವಿಗೆ ವೇದ ಬಿದ್ದರೆ ಆ ಕಿವಿಗೆ ಕಾದ ತವರ, ಅರಗು ಹೊಯ್ಯಬೇಕೆಂದು ಗೌತಮ ಧರ್ಮಸೂತ್ರ ಹೇಳಿತು. ಶೂದ್ರನ ಕಿವಿಯ ಗತಿಯೇ ಹೀಗಾದರೆ, ಅವನಿಗಿಂತಲೂ ಕೆಳಗೆ ತಳ್ಳಿಸಿಕೊಂಡವನ ಬಾಯಿಯ ಗತಿ ಏನು?

ಆ ಬಾಯಿ ಸರ್ಕಾರದ ಎದುರು ತೆರೆದುಕೊಂಡು, 'ಈ ದುಡ್ಡು ಎಲ್ಲಿಗೆ ಹೋಯ್ತು? ಈ ನ್ಯಾಯ ಯಾಕೆ ಸಿಕ್ಕಲಿಲ್ಲ?' ಎಂದು ಕೇಳಿದ ಚರಿತ್ರೆ ಇದು. ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನದು. ನಾನು ಶಾಲೆಯಲ್ಲಿ ಓದಿದ ಪುಸ್ತಕಗಳಲ್ಲಿ ಯುದ್ಧಗಳ ಇಸವಿ ಇದ್ದವು, ಅಶೋಕ ನೆಡಿಸಿದ ಮರಗಳ ಸಾಲು ಇತ್ತು. ಇದು ಇರಲಿಲ್ಲ. ಈಗ ನಾವೇ ಓದಿ, ನಾವೇ ಬರೆದುಕೊಳ್ಳಬೇಕಾಗಿದೆ.

*

ನಮ್ಮ ಮನೆಯಲ್ಲಿ ಪದವಿ ತನಕ ಓದಿದವನು ನಾನೇ ಮೊದಲು. ಹಾಗಾಗಿ ಕೇರಿಯವರ ಅರ್ಜಿಗಳನ್ನೆಲ್ಲ ಬರೆಯುವುದು ನನ್ನ ಪಾಲಿನ ಕೆಲಸ. ಮನೆ ಬಿದ್ದವರು, ಪಿಂಚಣಿ ನಿಂತುಹೋದವರು, ಹೆಣ ಹೂಳಲು ಜಾಗ ಇಲ್ಲದವರು ಬರುತ್ತಾರೆ. ಎಲ್ಲ ಅರ್ಜಿಗೂ ಒಂದೇ ತಲೆ, ಒಂದೇ ಬಾಲ. 'ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರು. 'ದಯಮಾಡಿ ಮಂಜೂರು ಮಾಡಿಕೊಡಬೇಕಾಗಿ ಪ್ರಾರ್ಥನೆ' ಎಂದು ಕೊನೆ. ಒಂದು ಸಲ ಆ ಬೇಡಿಕೊಳ್ಳುವ ಸಾಲನ್ನು ಬಿಟ್ಟು ಬರೆದೆ. ನಮ್ಮ ದೊಡ್ಡವ್ವ ಓದಿಸಿಕೊಂಡು, 'ಬ್ಯಾಡ ಕಣಪ್ಪ, ಕೈ ಮುಗ್ದಂಗೆ ಬರಿ. ಇಲ್ಲಾಂದ್ರೆ ಸಾಹೇಬ್ರು ಸಿಟ್ಟಾಯ್ತಾರೆ' ಅಂದಳು. ಎಪ್ಪತ್ತು ವರ್ಷ ಕೈ ಮುಗಿದೇ ಬದುಕಿದವಳು ಅವಳು. ಪಿಂಚಣಿ ತನ್ನ ಹಕ್ಕು ಎಂದು ಅವಳಿಗೆ ಯಾರು ಹೇಳಿದ್ದರು?

ಬೇಡಿದವನಿಗೆ ಕೊಟ್ಟರೂ ಕೊಡಬಹುದು, ಬಿಟ್ಟರೂ ಬಿಡಬಹುದು. ಯಾಕೆ ಕೊಡಲಿಲ್ಲ ಎಂದು ಯಾರೂ ಅವನಿಗೆ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಿದವನಿಗೆ ಮಾತ್ರ ಉತ್ತರ ಕೊಡಲೇಬೇಕು. ಶಾಸನಸಭೆಯಲ್ಲಿ ಪ್ರಶ್ನೋತ್ತರ ಕಲಾಪ ಅಂತ ಏನು ಕರೆಯುತ್ತಾರೋ ಅದರ ಜೀವ ಇರುವುದು ಇಲ್ಲಿ. ದುಡ್ಡು ಜನರದು, ಖರ್ಚು ಮಾಡುವವನು ಮಂತ್ರಿ, ಜನರ ಪರವಾಗಿ ಕೇಳುವವನು ಶಾಸಕ. ಇಷ್ಟು ಸರಳವಾದ ಸಂಗತಿ ಈ ನೆಲದಲ್ಲಿ ಕಾನೂನಾಗಲು ಬಹಳ ಕಾಲ ಹಿಡಿಯಿತು.

1861ರ ಕೌನ್ಸಿಲ್ ಕಾಯ್ದೆಯಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕೇ ಇರಲಿಲ್ಲ. 1892ರ ಕಾಯ್ದೆ ಪ್ರಶ್ನೆ ಕೇಳಲು, ಬಜೆಟ್ ಮೇಲೆ ಮಾತಾಡಲು ಬಿಟ್ಟಿತು. ಆದರೆ ಬಂದ ಉತ್ತರದ ಮೇಲೆ ಮರುಪ್ರಶ್ನೆ ಹಾಕುವಂತಿರಲಿಲ್ಲ, ಬಜೆಟ್ ಮೇಲೆ ಮತ ಹಾಕುವಂತಿರಲಿಲ್ಲ. 1909ರ ಕಾಯ್ದೆ ಬಂದ ಮೇಲೆ, ಪ್ರಶ್ನೆ ಕೇಳಿದವನೇ ಉಪಪ್ರಶ್ನೆ ಹಾಕಬಹುದು ಎಂದಾಯಿತು. ಅಂದರೆ 'ಅದು ಸರಿ, ಆದರೆ...' ಅನ್ನುವಷ್ಟು ಬಾಯಿ ತೆರೆಯಲು 17 ವರ್ಷ. 1919ರ ಸುಧಾರಣೆಯ ನಂತರ ಯಾವ ಸದಸ್ಯ ಬೇಕಾದರೂ ಉಪಪ್ರಶ್ನೆ ಹಾಕಬಹುದಾಯಿತು. 1921ರಲ್ಲಿ, ಆಗಿಹೋದ ಖರ್ಚನ್ನು ತಿರುವಿಹಾಕಿ ನೋಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹುಟ್ಟಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 144 ಮಂದಿ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ದಸರೆಯ ಹೊತ್ತಿಗೆ ಸಭೆ ಸೇರುತ್ತಿತ್ತು, ದಿವಾನರು ರಾಜ್ಯದ ಸ್ಥಿತಿಗತಿ ಒಪ್ಪಿಸುತ್ತಿದ್ದರು, ಸದಸ್ಯರು ಅಹವಾಲು ಹೇಳಿಕೊಳ್ಳುತ್ತಿದ್ದರು. ಯಾರು ಆ ಸದಸ್ಯರು? ಭೂಮಿ ಇದ್ದವರು, ವ್ಯಾಪಾರ ಇದ್ದವರು. ಭೂಮಿಯೇ ಇಲ್ಲದವನಿಗೆ ಅಲ್ಲಿ ಬಾಗಿಲೆಲ್ಲಿ?

ಆದರೆ ಆ ಖಜಾನೆ ತುಂಬಿದ್ದು ಯಾರ ಬೆವರಿನಿಂದ? ಊರೂರಿನ ಕಂದಾಯದ ದುಡ್ಡಿನ ಗಂಟನ್ನು ತಾಲ್ಲೂಕು ಖಜಾನೆಗೆ ಹೊತ್ತುಕೊಂಡು ಹೋದವನು ತೋಟಿ. ಶಾನುಭೋಗರು ಎಣಿಸಿದರು, ಪಟೇಲರು ಸಹಿ ಹಾಕಿದರು, ತೋಟಿ ಹೊತ್ತ. ಹೊತ್ತವನಿಗೆ ಆ ಗಂಟಿನ ಭಾರ ಗೊತ್ತಿತ್ತೇ ಹೊರತು ಒಳಗಿನ ಲೆಕ್ಕ ಗೊತ್ತಿರಲಿಲ್ಲ.

*

ಹೊತ್ತವನ ಕಡೆಯವನೊಬ್ಬ ಸಭೆಯೊಳಗೆ ಕಾಲಿಟ್ಟದ್ದು ತಿರುವಾಂಕೂರಿನಲ್ಲಿ. ಅಲ್ಲಿನ ಶ್ರೀಮೂಲಂ ಪ್ರಜಾಸಭೆಗೆ ಅಯ್ಯಂಕಾಳಿಯವರನ್ನು ನಾಮಕರಣ ಮಾಡಿದರು. 1912ರಲ್ಲಿ ಅವರು ಸಭೆಯಲ್ಲಿ ಮಾತಾಡಿದರು. ಪುಲಯ ಜಾತಿಯವರು. ಅಕ್ಷರ ಕಲಿತವರಲ್ಲ. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಎಂದು ಜನರನ್ನು ಕಟ್ಟಿ ಮುಷ್ಕರ ಮಾಡಿಸಿ ಬಂದವರು. ಸಭೆಯಲ್ಲಿ ಅವರು ಎತ್ತಿದ್ದು ಭೂಮಿ ಮತ್ತು ಶಾಲೆ. ಸರ್ಕಾರದ ಪಾಳುಭೂಮಿಯನ್ನು ಪುಲಯರಿಗೆ ಕೊಡಿ ಎಂದರು. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಿ ಎಂಬ ಆಜ್ಞೆ ಕಾಗದದಲ್ಲಿದೆ, ಶಾಲೆಯಲ್ಲಿ ಇಲ್ಲವಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಮುಂದಿನ ನೂರು ವರ್ಷ ನಮ್ಮವರು ಸಭೆಗಳಲ್ಲಿ ಕೇಳಿದ್ದೆಲ್ಲ ಈ ಮಾತಿನದೇ ಮುಂದುವರಿಕೆ.

ಅದು ಅತಿ ನಿಚ್ಚಳವಾಗಿ ಕಂಡದ್ದು ನೀರಿನ ವಿಷಯದಲ್ಲಿ. 1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆ ಒಂದು ನಿರ್ಣಯ ತಂದು ಪಾಸು ಮಾಡಿಸಿದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ಸಾರ್ವಜನಿಕ ಹಣದಲ್ಲಿ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕಚೇರಿ, ಕೋರ್ಟು, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ಸಾರ. ಅಂದಿನ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಸೀಮೆಗಳೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆ ನಿರ್ಣಯ ನಮ್ಮ ಬಾವಿಗಳಿಗೂ ಅನ್ವಯಿಸುತ್ತಿತ್ತು. ಮರುವರ್ಷ, 1924ರಲ್ಲಿ, ಮದ್ರಾಸ್ ಪರಿಷತ್ತಿನಲ್ಲಿ ರೆಟ್ಟಮಲೈ ಶ್ರೀನಿವಾಸನ್ ಇಂಥದ್ದೇ ನಿರ್ಣಯ ತಂದರು. ಬಳ್ಳಾರಿ, ಮಂಗಳೂರಿನ ಸೀಮೆ ಆಗ ಮದ್ರಾಸಿನದು.

ಆ ನಿರ್ಣಯದ ಮಾತನ್ನು ಗಮನಿಸಬೇಕು. ಬೋಲೆಯವರು ದಯೆ ತೋರಿಸಿ ಎನ್ನಲಿಲ್ಲ, ಧರ್ಮಶಾಸ್ತ್ರ ಏನು ಹೇಳುತ್ತದೆ ಎಂದೂ ಹೋಗಲಿಲ್ಲ. ಯಾರ ದುಡ್ಡಲ್ಲಿ ಕಟ್ಟಿದ್ದು ಎಂದು ಹಿಡಿದರು. ಉಪ್ಪಿನ ತೆರಿಗೆ ಕೊಟ್ಟವನು, ಹೆಂಡದ ಕಾಸಿನಲ್ಲಿ ಅಬಕಾರಿ ಸುಂಕ ಕೊಟ್ಟವನು ಆ ಬಾವಿಗೆ ಪಾಲುದಾರ. ಪಾಲುದಾರನನ್ನು ಹೊರಗೆ ನಿಲ್ಲಿಸುವುದು ಕಳ್ಳತನ.

ಸರ್ಕಾರ ಸುತ್ತೋಲೆ ಹೊರಡಿಸಿತು. ಸುತ್ತೋಲೆ ಕಡತದಲ್ಲಿ ಮಲಗಿತು. ಬಾವಿಯ ಹಗ್ಗ ಹಳೆಯ ಕೈಗಳಲ್ಲೇ ಉಳಿಯಿತು. ಮೂರು ವರ್ಷ ನೋಡಿ, 1926ರ ಆಗಸ್ಟ್ 5ರಂದು ಬೋಲೆ ಇನ್ನೊಂದು ನಿರ್ಣಯ ಮಂಡಿಸಿದರು. ಈ ಆದೇಶ ಪಾಲಿಸದ ಪುರಸಭೆಗಳಿಗೆ, ಲೋಕಲ್ ಬೋರ್ಡುಗಳಿಗೆ ಸರ್ಕಾರದ ಅನುದಾನ ನಿಲ್ಲಿಸಿ ಎಂದು. ಬಾವಿಗೆ ಬಿಟ್ಟುಕೊಳ್ಳಿ ಎಂದು ಅಂಗಲಾಚುವ ಕಾಲ ಮುಗಿದಿತ್ತು. ನಮ್ಮ ದುಡ್ಡು ತೆಗೆದುಕೊಂಡು ನಮ್ಮನ್ನೇ ಹೊರಗಿಡುವವನಿಗೆ ದುಡ್ಡು ಕೊಡಬೇಡಿ ಅಂದದ್ದು ಇದು. ನ್ಯಾಯದ ಪ್ರಶ್ನೆ ಖಜಾನೆಯ ಬಾಗಿಲಿಗೆ ಬಂದು ನಿಂತಿತು.

ಮಹಾಡ ಪುರಸಭೆ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಕಾಗದದ ಮೇಲೆ ಬರೆದಿತ್ತು. ಆ ಕಾಗದ ನಿಜವೋ ಸುಳ್ಳೋ ನೋಡಲು 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಏನಾಯಿತು ನಮಗೆಲ್ಲ ಗೊತ್ತು. ಜನರಿಗೆ ಬಡಿದರು, ಕೆರೆಗೆ ಸಗಣಿ-ಗಂಜಲ ಸುರಿದು ಶುದ್ಧಿ ಮಾಡಿದರು. ಆ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ಪಡೆಯಿತು. ಮುಂಬಯಿ ಹೈಕೋರ್ಟಿನ ತೀರ್ಪು ನಮ್ಮ ಕಡೆಗೆ ಬಂದದ್ದು 1937ರ ಮಾರ್ಚಿನಲ್ಲಿ. ಸದನದಲ್ಲಿ ನಿರ್ಣಯವಾದದ್ದು 1923, ಕೋರ್ಟಿನಲ್ಲಿ ಮುಗಿದದ್ದು 1937. ನಡುವೆ ಬೀದಿಯಲ್ಲಿ ತಲೆ ಒಡೆಸಿಕೊಂಡದ್ದು 1927. ಸದನದ ಪ್ರಶ್ನೆಯನ್ನು ಬೀದಿ ಬೆಂಬಲಿಸದಿದ್ದರೆ ಅದು ಸುತ್ತೋಲೆಯಾಗಿ ಸಾಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

*

ಮಹಾಡಕ್ಕೆ ಹೋಗುವ ಒಂದು ತಿಂಗಳ ಮುಂಚೆ ಇದೇ ಅಂಬೇಡ್ಕರ್ ಮುಂಬಯಿ ಪರಿಷತ್ತಿಗೆ ನಾಮಕರಣಗೊಂಡ ಸದಸ್ಯರಾಗಿ ಬಂದಿದ್ದರು. ನಮ್ಮ ಮೆರವಣಿಗೆಗಳಲ್ಲಿ ಸಂವಿಧಾನ ಹಿಡಿದ ಅಂಬೇಡ್ಕರ್ ಇರುತ್ತಾರೆ. ಬಜೆಟ್ ಪುಸ್ತಕ ಹಿಡಿದ ಅಂಬೇಡ್ಕರ್ ಇರುವುದಿಲ್ಲ. ಅವರು ಡಾಕ್ಟರೇಟ್ ಪಡೆದದ್ದು ಪ್ರಾಂತಗಳ ಹಣಕಾಸಿನ ಮೇಲೆ, ರೂಪಾಯಿಯ ಸಮಸ್ಯೆಯ ಮೇಲೆ ಎಂಬುದನ್ನು ಮರೆಯುತ್ತೇವೆ. ಲೆಕ್ಕ ಓದಲು ಬರುವ ಅಸ್ಪೃಶ್ಯನೊಬ್ಬ ಸದನದಲ್ಲಿ ಎದ್ದು ನಿಂತರೆ ಏನಾಗುತ್ತದೆ ಎಂದು ಆ ಸರ್ಕಾರಕ್ಕೆ ಅಲ್ಲಿವರೆಗೆ ಗೊತ್ತಿರಲಿಲ್ಲ.

1927ರ ಫೆಬ್ರವರಿ 24ರ ಬಜೆಟ್ ಭಾಷಣದಲ್ಲಿ ಅವರು ಭೂಕಂದಾಯವನ್ನು ಹಿಡಿದರು. ಆದಾಯ ತೆರಿಗೆ ಕಟ್ಟುವ ಪಟ್ಟಣದವನಿಗೆ ಆ ವರ್ಷ ಸಂಪಾದನೆ ಇಲ್ಲದಿದ್ದರೆ ತೆರಿಗೆಯೂ ಇಲ್ಲ. ತುಂಡು ಹೊಲದ ರೈತನಿಗೆ ಮಳೆ ಬರಲಿ ಬಿಡಲಿ, ಬೆಳೆ ಬೆಳೆಯಲಿ ಒಣಗಲಿ, ಕಂದಾಯ ತಪ್ಪಿದ್ದಲ್ಲ. ಇದ್ಯಾವ ನ್ಯಾಯ ಎಂದು ಕೇಳಿದರು. ನೋಡಿ, ಅವರು ಕೇಳಿದ್ದು ತಮ್ಮ ಜಾತಿಯವರ ಪರವಾಗಿ ಮಾತ್ರ ಅಲ್ಲ. ಬಡ ಒಕ್ಕಲು ಮಕ್ಕಳೆಲ್ಲರ ಪರವಾಗಿ.

ಮಾರ್ಚ್ 12ರಂದು ಶಿಕ್ಷಣದ ಅನುದಾನದ ಮೇಲೆ ಮಾತು. ಪ್ರಾಂತದಲ್ಲಿ ಒಬ್ಬೊಬ್ಬನ ಶಿಕ್ಷಣಕ್ಕೆ ಸರ್ಕಾರ ಖರ್ಚು ಮಾಡುತ್ತಿದ್ದದ್ದು 14 ಆಣೆ. ಅಬಕಾರಿಯಿಂದ ತಲೆಗೊಂದರಂತೆ ಎತ್ತುತ್ತಿದ್ದದ್ದು ಎರಡು ರೂಪಾಯಿಗೂ ಮೀರಿ. ಹೆಂಡ ಕುಡಿಸಿ ಎಷ್ಟು ಕಿತ್ತುಕೊಳ್ಳುತ್ತೀರೋ ಅಷ್ಟನ್ನಾದರೂ ಅಕ್ಷರಕ್ಕೆ ಖರ್ಚು ಮಾಡಿ ಎಂಬುದು ಅವರ ವಾದ. ಪ್ರಾಥಮಿಕ ಶಾಲೆಗೆ ಸೇರಿದ 100 ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟುವವರು 18 ಮಾತ್ರ ಎಂದೂ ಲೆಕ್ಕ ಕೊಟ್ಟರು. ಉಳಿದ 82 ಮಕ್ಕಳು ಎಲ್ಲಿ ಹೋದರು? ದನದ ಹಿಂದೆ, ಜೀತಕ್ಕೆ, ಹೊಲಕ್ಕೆ. ನಮ್ಮಪ್ಪನೂ ಆ 82ರ ವಂಶದವನೇ. ಆಮೇಲೆ ನಮ್ಮ ದಲಿತ ಚಳವಳಿ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ಬೀದಿಯಲ್ಲಿ ಕೂಗಿದಾಗ, ಗೊತ್ತಿದ್ದೋ ಗೊತ್ತಿಲ್ಲದೆಯೋ ಅದೇ 14 ಆಣೆಯ ಲೆಕ್ಕವನ್ನು ಎತ್ತಿ ಹಿಡಿದಿತ್ತು.

1928ರಲ್ಲಿ ಅಂಬೇಡ್ಕರ್ ಮಹಾರ್ ವತನದ ಮಸೂದೆ ತಂದರು. ಊರ ಚಾಕರಿಯ ಹೆಸರಲ್ಲಿ ಹಗಲು ರಾತ್ರಿ ಸರ್ಕಾರಕ್ಕೆ ದುಡಿಯುವವನಿಗೆ ಸಂಬಳ ಎಲ್ಲಿ ಎಂಬ ಪ್ರಶ್ನೆ ಅದು. ಕಂದಾಯದ ಗಂಟು ಹೊತ್ತವನು ತನ್ನ ಕೂಲಿ ಕೇಳಿದ. ಮಸೂದೆ ಅಂದು ಪಾಸಾಗಲಿಲ್ಲ. ಸರ್ಕಾರದ ಬಳಿ ದುಡ್ಡಿಲ್ಲ ಎಂಬ ಮಾತು ಬಂದಾಗಲೆಲ್ಲ ಆ ದುಡ್ಡು ಇಲ್ಲದೇ ಹೋಗುವುದು ಯಾರ ಪಾಲಿಗೆ ಎಂದು ನೋಡಬೇಕು.

*

1950ರಲ್ಲಿ ಸಂವಿಧಾನ ಬಂತು. ಮಂತ್ರಿಮಂಡಲ ಸದನಕ್ಕೆ ಜವಾಬು ಹೇಳಬೇಕು. ಕೇಂದ್ರಕ್ಕೆ 75ನೇ ವಿಧಿ, ರಾಜ್ಯಕ್ಕೆ 164ನೇ ವಿಧಿ. ಸದನದ ಒಪ್ಪಿಗೆ ಇಲ್ಲದೆ ಖಜಾನೆಯಿಂದ ಒಂದು ಕಾಸನ್ನೂ ತೆಗೆಯುವಂತಿಲ್ಲ. ಖರ್ಚಾದ ಮೇಲೆ ಮಹಾಲೇಖಪಾಲರ ವರದಿ ಸದನದ ಮುಂದೆ ಬರಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಸಿಕ್ಕಬೇಕು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಒಂದು ಇಲಾಖೆಯ ಧೋರಣೆ ಒಪ್ಪಿಗೆ ಇಲ್ಲದಿದ್ದರೆ ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂದು ಲೋಕಸಭೆಯಲ್ಲಿ ಕಡಿತದ ಸೂಚನೆ ಮಂಡಿಸಬಹುದು. ಆಯುಧಗಳೇನೋ ಚೆನ್ನಾಗಿಯೇ ಇವೆ.

ಅವು ಕೆಲಸ ಮಾಡಿದ್ದೂ ಉಂಟು. 1957ರಲ್ಲಿ ಜೀವ ವಿಮಾ ನಿಗಮ ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳಿಗೆ ಒಂದೂಕಾಲು ಕೋಟಿ ರೂಪಾಯಿಯಷ್ಟು ಹಾಕಿದ್ದು ಲೋಕಸಭೆಯ ಪ್ರಶ್ನೆಯಿಂದ ಹೊರಬಿತ್ತು. ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಬಿಡದೆ ಹಿಡಿದರು. ಛಾಗ್ಲಾ ಆಯೋಗ ಕೂತಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಒಂದು ಪ್ರಶ್ನೆಗೆ ಒಂದು ಕುರ್ಚಿ ಅಲುಗಿತು.

1963ರಲ್ಲಿ ರಾಮಮನೋಹರ ಲೋಹಿಯಾ ಕೇಳಿದ್ದು ಅದಕ್ಕಿಂತ ದೊಡ್ಡ ಲೆಕ್ಕ. ಈ ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂದರು. ನೆಹರೂ ಒಪ್ಪಲಿಲ್ಲ, ತಲಾ 15 ಆಣೆ ಎಂದರು. ಲೋಹಿಯಾ ಬಿಡಲಿಲ್ಲ. ಗಿರಣಿ ಯಜಮಾನನ ಲಕ್ಷವನ್ನೂ ಕೂಲಿಯವಳ ಮೂರು ಆಣೆಯನ್ನೂ ಕೂಡಿಸಿ ಭಾಗಿಸಿದರೆ ಬರುವ ಸರಾಸರಿ ಯಾರ ಹೊಟ್ಟೆ ತುಂಬಿಸುತ್ತದೆ ಎಂಬುದು ಆ ವಾದದ ತಿರುಳು. ಸರ್ಕಾರದ ಸರಾಸರಿಯನ್ನು ಹೇಗೆ ಒಡೆದು ನೋಡಬೇಕೆಂದು ಈ ಚರ್ಚೆ ದೇಶಕ್ಕೆ ಕಲಿಸಿತು. ಇವತ್ತಿಗೂ ಯಾರಾದರೂ 'ರಾಜ್ಯದ ತಲಾ ಆದಾಯ ಇಷ್ಟು ಹೆಚ್ಚಾಯಿತು' ಎಂದರೆ ನಾವು ಕೇಳಬೇಕಾದದ್ದು ಇಷ್ಟೇ: ಕೇರಿಯದು ಎಷ್ಟು?

*

ಈಗ ಹತ್ತಿರದ ಕಾಲಕ್ಕೆ ಬರೋಣ. ಪ್ರಶ್ನೆ ಕೇಳುವ ಹಕ್ಕು ಇದೆ, ಉತ್ತರ ಕೊಡುವ ಕಲೆಯೂ ಬೆಳೆದಿದೆ.

2020ರಲ್ಲಿ ಕೊರೋನಾ ಲಾಕ್‌ಡೌನಿನಲ್ಲಿ ವಲಸೆ ಕೂಲಿಗಳು ರಸ್ತೆಯಲ್ಲಿ, ರೈಲು ಹಳಿಯಲ್ಲಿ ಸತ್ತರು. ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದಾಗ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು, ಲಿಖಿತ ಉತ್ತರ ಮಾತ್ರ. ಎಷ್ಟು ಕೂಲಿಗಳು ಸತ್ತರು ಎಂಬ ಪ್ರಶ್ನೆಗೆ ಸರ್ಕಾರದ ಉತ್ತರ: ಅಂಥ ಅಂಕಿಅಂಶ ಇಟ್ಟಿಲ್ಲ. ಹಾಗಾಗಿ ಪರಿಹಾರದ ಪ್ರಶ್ನೆಯೂ ಹುಟ್ಟುವುದಿಲ್ಲ. ಲೆಕ್ಕ ಇಡದಿದ್ದರೆ ಸತ್ತವನೂ ಇಲ್ಲ, ಸಾಲವೂ ಇಲ್ಲ.

ಮುಂದಿನ ವರ್ಷ, 2021ರ ಜುಲೈ 28ರಂದು, ರಾಜ್ಯಸಭೆಯಲ್ಲಿ ಕನ್ನಡ ನಾಡಿನ ಇಬ್ಬರು, ಮಲ್ಲಿಕಾರ್ಜುನ ಖರ್ಗೆ ಮತ್ತು ನಮ್ಮ ಕವಿ ಎಲ್. ಹನುಮಂತಯ್ಯ, ಒಂದು ಪ್ರಶ್ನೆ ಕೇಳಿದ್ದರು. ಮಲ ಬಾಚುವ ಕೆಲಸದಲ್ಲಿ ಐದು ವರ್ಷದಲ್ಲಿ ಎಷ್ಟು ಜನ ಸತ್ತರು? ಸಾಮಾಜಿಕ ನ್ಯಾಯದ ರಾಜ್ಯಮಂತ್ರಿ ರಾಮದಾಸ್ ಆಠವಲೆ ಅವರ ಲಿಖಿತ ಉತ್ತರ: ಆ ಕಾರಣದಿಂದ ಸತ್ತವರು ಯಾರೂ ವರದಿಯಾಗಿಲ್ಲ. ಇದೇ ಮಂತ್ರಿ ಅದೇ ವರ್ಷದ ಫೆಬ್ರವರಿಯಲ್ಲಿ ಲೋಕಸಭೆಗೆ ಹೇಳಿದ್ದರು: ಒಳಚರಂಡಿ, ಶೌಚಗುಂಡಿ ಶುಚಿ ಮಾಡುವಾಗ ಐದು ವರ್ಷದಲ್ಲಿ 340 ಜನ ಸತ್ತಿದ್ದಾರೆ.

ಎರಡೂ ಉತ್ತರ ಹೇಗೆ ನಿಲ್ಲುತ್ತವೆ? ಕಾನೂನಿನ ಮಾತಿನ ಸಂದಿಯಲ್ಲಿ. 2013ರ ಕಾಯ್ದೆಯಲ್ಲಿ ಒಣ ಪಾಯಿಖಾನೆಯಿಂದ ಕೈಯಲ್ಲಿ ಮಲ ಎತ್ತುವುದು ಒಂದು, ಮ್ಯಾನ್‌ಹೋಲಿಗೆ ಇಳಿಯುವುದು ಇನ್ನೊಂದು. ಮೊದಲನೆಯ ಮಾತು ಹಿಡಿದು ಕೇಳಿದರೆ ಸೊನ್ನೆ, ಎರಡನೆಯದನ್ನು ಹಿಡಿದು ಕೇಳಿದರೆ 340. ಗುಂಡಿಯೊಳಗೆ ಉಸಿರುಗಟ್ಟಿದವನಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಕೇಳಿದವರು ಬಂಡಾಯದ ದಾರಿಯಲ್ಲಿ ಬಂದ ಕವಿ, ಉತ್ತರಿಸಿದವರು ದಲಿತ ಪ್ಯಾಂಥರ್ ದಾರಿಯಲ್ಲಿ ಬಂದ ಮಂತ್ರಿ. ನಡುವೆ ಕೂತಿದ್ದದ್ದು ಸರ್ಕಾರ. ನಮ್ಮವನು ಮಂತ್ರಿಯಾದರೆ ಸಾಕು ಅನ್ನುವವರು ಈ ಒಂದು ಕಾಗದವನ್ನು ಓದಬೇಕು.

ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರು ಬಿ. ಬಸವಲಿಂಗಪ್ಪ. 1973ರ ನವೆಂಬರಿನಲ್ಲಿ ಅವರು ಆಡಿದ 'ಬೂಸಾ' ಎಂಬ ಒಂದು ಮಾತಿಗೆ ನಾಡೆಲ್ಲ ಎದ್ದು ಲೆಕ್ಕ ಕೇಳಿತು, ಅವರು ಮಂತ್ರಿ ಸ್ಥಾನ ಬಿಡಬೇಕಾಯಿತು. 340 ಹೆಣಗಳಿಗೆ ಯಾವ ಕುರ್ಚಿಯೂ ಅಲುಗಲಿಲ್ಲ.

*

ನಮ್ಮ ಪಾಲಿನ ದುಡ್ಡಿನ ಕಥೆಯೂ ಇದೇ. 1979ರ ಹೊತ್ತಿಗೆ ವಿಶೇಷ ಘಟಕ ಯೋಜನೆ ಬಂತು. ಜನಸಂಖ್ಯೆಯಲ್ಲಿ ನಾವೆಷ್ಟಿದ್ದೇವೋ ಯೋಜನಾ ಹಣದಲ್ಲಿ ಅಷ್ಟು ಪಾಲು ಎಂಬುದು ಅದರ ತತ್ವ. 2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಆಟಗಳಾದವು. ದಲಿತರ ಪಾಲಿನ ಹಣದಲ್ಲಿ 670 ಕೋಟಿಗೂ ಹೆಚ್ಚು ಆ ಆಟಗಳಿಗೆ ಹೋಗಿದೆ, ಅದು ತಪ್ಪು ಎಂದು ಗೃಹಮಂತ್ರಿ ಚಿದಂಬರಂ ರಾಜ್ಯಸಭೆಯಲ್ಲಿ ಒಪ್ಪಿಕೊಂಡರು. ಸದನದಲ್ಲಿ ಸದಸ್ಯರು ಎತ್ತಿದ್ದಕ್ಕೇ ಒಪ್ಪಿಕೊಂಡದ್ದು.

ಕರ್ನಾಟಕದಲ್ಲಿ 2013ರಲ್ಲಿ ಉಪಯೋಜನೆಗಳ ಕಾಯ್ದೆ ಬಂತು. ಜನಸಂಖ್ಯೆಯ ಲೆಕ್ಕದಲ್ಲಿ ಶೇಕಡಾ 24.1. ಒಳ್ಳೆಯ ಕಾಯ್ದೆಯೇ. ಆದರೆ ಅದರ 7ಡಿ ಕಲಮಿನಲ್ಲಿ ಒಂದು ಕಿಂಡಿ ಇತ್ತು. ಎಲ್ಲರಿಗೂ ಆಗುವ ರಸ್ತೆ, ಸೇತುವೆಯಂಥ ಕೆಲಸದ ಖರ್ಚಿನ ಒಂದು ಭಾಗವನ್ನು ನಮ್ಮ ಖಾತೆಗೆ ಬರೆಯಬಹುದಿತ್ತು. ಹತ್ತು ವರ್ಷ ಹೋರಾಡಿದ ಮೇಲೆ 2023ರಲ್ಲಿ ಆ ಕಲಮು ರದ್ದಾಯಿತು. ಅದೇ ವರ್ಷದ ಬಜೆಟ್ಟಿನಲ್ಲಿ ಈ ಹಣದಿಂದ 11 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳಿಗೆ ಹೊಂದಿಸಿದರು. 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚು. ಗ್ಯಾರಂಟಿಯ ಫಲ ದಲಿತರಿಗೂ ಸಿಗುತ್ತದಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ನಮ್ಮವ್ವ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಹೋಗುವುದು ನನಗೂ ಸಂತೋಷವೇ. ಆದರೆ ಎಲ್ಲರ ತಾಯಂದಿರಿಗೂ ಕೊಡುವುದನ್ನು ಸಾಮಾನ್ಯ ಖಜಾನೆಯಿಂದ ಕೊಡಿ. ಹಾಸ್ಟೆಲಿಗೆ, ಭೂಮಿಗೆ, ಗಂಗಾ ಕಲ್ಯಾಣದ ಬೋರ್‌ವೆಲ್ಲಿಗೆ ಇಟ್ಟ ಗಂಟಿಗೆ ಕೈ ಯಾಕೆ ಹಾಕುತ್ತೀರಿ? ನಾನು ಹಾಸ್ಟೆಲಿನ ಅನ್ನ ಉಂಡು ಓದಿದವನು. ಆ ತಟ್ಟೆ ಯಾವ ಲೆಕ್ಕದಿಂದ ಬರುತ್ತದೆ ಎಂದು ನನಗೆ ಗೊತ್ತು.

ನ್ಯಾಯಕ್ಕೂ ಖರ್ಚಿದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಪ್ರತಿಕೂಲವಾಗಿದ್ದರು. ಕೂಲಿ ಮಾಡಿ ಬದುಕುವವನು, ಸುಟ್ಟವರ ಊರಿನಲ್ಲೇ ಮಲಗಿ ಏಳುವವನು, ಆರು ವರ್ಷ ಸಾಕ್ಷಿಯಾಗಿ ಉಳಿಯಬೇಕಾದರೆ ಅವನಿಗೆ ಕಾವಲು ಬೇಕು, ಬಸ್ ಚಾರ್ಜು ಬೇಕು, ಹೋದ ದಿನದ ಕೂಲಿ ಬೇಕು. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿ ಸೇರಿಸಿದ 15ಎ ಕಲಮು ಇದನ್ನೆಲ್ಲ ಸರ್ಕಾರದ ಕರ್ತವ್ಯ ಎನ್ನುತ್ತದೆ. ಹಾಗಾದರೆ ಶಾಸಕರು ಕೇಳಬೇಕಾದ ಪ್ರಶ್ನೆ: ಸಾಕ್ಷಿಗಳ ರಕ್ಷಣೆಗೆ, ಓಡಾಟಕ್ಕೆ ಕಳೆದ ವರ್ಷ ಎಷ್ಟು ಇಟ್ಟಿರಿ, ಎಷ್ಟು ಕೊಟ್ಟಿರಿ, ಯಾವ ಜಿಲ್ಲೆಯಲ್ಲಿ?

*

ಕರ್ನಾಟಕದ 224 ಶಾಸಕರಲ್ಲಿ 36 ಸ್ಥಾನ ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಐವತ್ತೊಂದು ಬಾಯಿ. ಈ ಐವತ್ತೊಂದೂ ಒಟ್ಟಾಗಿ ಎದ್ದರೆ ಯಾವ ಮಂತ್ರಿ ಕೂತಿರಬಲ್ಲ? ಏಳುವುದಿಲ್ಲ. ಒಬ್ಬೊಬ್ಬರ ಹೇಡಿತನ ಎಂದು ಬೈದು ಮುಗಿಸುವ ಮಾತಲ್ಲ ಇದು. 1932ರ ಪೂನಾ ಒಪ್ಪಂದದಿಂದ ನಮಗೆ ಸ್ಥಾನ ಸಿಕ್ಕಿತು, ಆ ಸ್ಥಾನಕ್ಕೆ ಕಳಿಸುವ ಓಟು ಊರೆಲ್ಲರ ಕೈಯಲ್ಲಿ ಉಳಿಯಿತು. ಟಿಕೆಟ್ ಕೊಡುವವನು ಪಕ್ಷದ ಯಜಮಾನ, ಗೆಲ್ಲಿಸುವವನು ಊರ ಯಜಮಾನ. ಇಬ್ಬರಿಗೂ ನೋವಾಗದಂತೆ ಕೇಳುವ ಪ್ರಶ್ನೆ ಎಂಥ ಪ್ರಶ್ನೆಯಾದೀತು? ಸಂವಿಧಾನ ಬರೆದ ಅಂಬೇಡ್ಕರರೇ 1952ರಲ್ಲಿ, 1954ರಲ್ಲಿ ಲೋಕಸಭೆ ಚುನಾವಣೆಗಳಲ್ಲಿ ಸೋತರು.

ಹಾಗಂತ ಬಾಯಿ ಕಟ್ಟಿಹೋಗಿಲ್ಲ. 1988ರಿಂದ ಎರಡು ಅವಧಿ ವಿಧಾನ ಪರಿಷತ್ತಿನಲ್ಲಿದ್ದ ಸಿದ್ಧಲಿಂಗಯ್ಯನವರ ಮಾತುಗಳು 'ಸದನದಲ್ಲಿ ಸಿದ್ಧಲಿಂಗಯ್ಯ' ಎಂಬ ಪುಸ್ತಕವಾಗಿಯೇ ಬಂದಿವೆ. ನಮ್ಮ ಹುಡುಗರು ಅವರ ಪದ್ಯ ಬಾಯಿಪಾಠ ಮಾಡುತ್ತಾರೆ, ಆ ಪುಸ್ತಕವನ್ನೂ ಓದಬೇಕು.

ಇನ್ನೊಂದು ಕಡೆ ಕೇಳುವ ಜಾಗವೇ ಕಿರಿದಾಗುತ್ತಿದೆ. 2018ರ ಮಾರ್ಚಿನಲ್ಲಿ ಲೋಕಸಭೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನು ಚರ್ಚೆಯೇ ಇಲ್ಲದೆ, ಅರ್ಧ ಗಂಟೆಯಲ್ಲಿ ಪಾಸು ಮಾಡಿತು. 2023ರಲ್ಲೂ ಚರ್ಚೆ ಇಲ್ಲ. ಗದ್ದಲ ಮಾಡಿದವರು ಒಂದು ಕಡೆ, ಗದ್ದಲದ ಲಾಭ ಪಡೆದವರು ಇನ್ನೊಂದು ಕಡೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ಪ್ರಜೆಗೂ ನಿರಾಕರಿಸಬಾರದು ಎಂಬ ಮಾತಿತ್ತು. ಶಾಸಕನ ಬಾಯಿಯನ್ನೂ ಕೂಲಿಯವನ ಬಾಯಿಯನ್ನೂ ಸಮ ಮಾಡಿದ ಮಾತು ಅದು. ಅದು ಇದ್ದ ಕಲಮನ್ನೇ 2023ರ ಡಿಜಿಟಲ್ ದತ್ತಾಂಶ ಕಾಯ್ದೆ ಬದಲಿಸಿತು. ಇದನ್ನು ಮಾಡಿದವರಿಗೆ ಪ್ರಶ್ನೆಯ ಬೆಲೆ ನಮಗಿಂತ ಚೆನ್ನಾಗಿ ಗೊತ್ತು.

ಗೆಳೆಯರೇ, ಕೇರಿಗೊಬ್ಬ ಓದಿದ ಹುಡುಗ, ಹುಡುಗಿ ಈಗ ಇದ್ದಾರೆ. ಅಧಿವೇಶನ ಶುರುವಾಗುವ ಮುಂಚೆ ನಮ್ಮ ಕ್ಷೇತ್ರದ ಶಾಸಕರ ಮನೆಗೆ ಹೋಗೋಣ. ಅರ್ಜಿ ಬೇಡ, ಪ್ರಶ್ನೆ ಬರೆದು ಕೈಗೆ ಕೊಡೋಣ. ಮಾತಿನ ಸಂದಿ ಇಲ್ಲದಂತೆ ಬರೆಯೋಣ: ಮಲ ಬಾಚುವಾಗ, ಗುಂಡಿಗೆ ಇಳಿದಾಗ, ಎರಡರಲ್ಲೂ ಸತ್ತವರೆಷ್ಟು? 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ 30 ಲಕ್ಷ ಪರಿಹಾರ ಯಾರ್ಯಾರ ಮನೆಗೆ ಮುಟ್ಟಿತು? ನಮ್ಮ ತಾಲ್ಲೂಕಿನ ಹಾಸ್ಟೆಲಿಗೆ ಬಂದ ದುಡ್ಡೆಷ್ಟು, ಉಳಿದದ್ದೆಷ್ಟು, ವಾಪಸು ಹೋದದ್ದೆಷ್ಟು? ಶಾಸಕರು ಕೇಳಿದರೆ ಉತ್ತರವನ್ನು ತಂದು ಕೇರಿಯಲ್ಲಿ ಗಟ್ಟಿಯಾಗಿ ಓದೋಣ. ಕೇಳದಿದ್ದರೆ, ಕೇಳಲಿಲ್ಲ ಎಂಬುದನ್ನೂ ಓದೋಣ. ಮುಂದಿನ ಸಲ ಅವರು ಓಟಿಗೆ ಬಂದಾಗ ಆ ಕಾಗದ ನಮ್ಮ ಕೈಯಲ್ಲಿರಲಿ.